ಗೊಟ್ಟ ಹಾಕಿದವಳು ನಾನು

ಚಿನ್ನು, ಮುತ್ತು, ಶಾಲೆಯಲ್ಲಿ ಬರೆಸಿದ ನಿಮ್ಮ ಹೆಸರು ಇಲ್ಲಿ ಬೇಡ, ನಾನು ಕರೆಯುವ ಹೆಸರೇ ಇರಲಿ. ನಿಮಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಅಪ್ಪನ ಕೈಲಿ ಓದಿಸಿಕೊಳ್ಳಿ. ಅವನಿಗೂ ಇದು ಗೊತ್ತಿಲ್ಲ. ನಾನು ನಮ್ಮೂರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು. ನಾಲ್ಕು ಜನರ ಮುಂದೆ ಬಾಯಿ ತೆರೆಯುವುದಕ್ಕಿಂತ ಬರೆಯುವುದು ನನಗೆ ಸುಲಭ.

ನಮ್ಮ ಎಮ್ಮೆಯ ಮಾತು ಬಂದಾಗಲೆಲ್ಲ ಮುತ್ತು ಈಗಲೂ, "ಆ ಡಾಕ್ಟರ್ ಸೂಜಿ ಚುಚ್ಚಿ ಕೊಂದಳು" ಅನ್ನುತ್ತಾನೆ. ಅದು ಸುಳ್ಳು. ಆದದ್ದನ್ನು ಬರೆಯುತ್ತೇನೆ.

ನಿಮ್ಮ ಅಜ್ಜ ವಿಜಯಪುರದ ಕಡೆಯಿಂದ ಬಂದು ಅಂಧೇರಿಯ ಆಚೆಯ ಒಂದು ತಬೇಲಾದಲ್ಲಿ, ಎಮ್ಮೆಗಳ ದೊಡ್ಡ ಕೊಟ್ಟಿಗೆಯಲ್ಲಿ, ಹಾಲು ಹಿಂಡುವ ಕೆಲಸಕ್ಕಿದ್ದರು. ಒಂದು ಸಲ ತಾಯಿ ಸತ್ತ ಹೆಣ್ಣು ಕರುವೊಂದನ್ನು ಮಾಲೀಕರು, "ಇದು ಬದುಕುವುದಿಲ್ಲ, ಬೇಕಾದರೆ ನೀನೇ ಇಟ್ಟುಕೋ" ಎಂದು ಅವರಿಗೆ ಕೊಟ್ಟರು. ಅಜ್ಜ ಹಾಲಿನಲ್ಲಿ ಬೆರಳು ಅದ್ದಿ ಚೀಪಿಸಿ ಬದುಕಿಸಿದರು. ಅದು ಮಣಕವಾದ ವರ್ಷವೇ ಅವರು ತೀರಿಹೋದರು. ಮಾಲೀಕರು ನನ್ನನ್ನು ಹೊರಗೆ ಹಾಕಲಿಲ್ಲ. ಗೋಡೆ ಪಕ್ಕದ ಕೋಣೆಯಲ್ಲಿದ್ದುಕೊಂಡು ಸಗಣಿ ಬಾಚಿ, ಹುಲ್ಲು ಹಾಕುತ್ತಿದ್ದೆ. ನಿಮ್ಮ ಅಪ್ಪ, "ಅವ್ವಾ, ಬಿಲ್ಡಿಂಗಿಗೆ ಬಾ, ಒಬ್ಬಾಕಿ ಆ ಹೊಲಸಿನಾಗ ಯಾಕ ಇರ್ತಿ" ಎಂದು ಎಷ್ಟೋ ಸಲ ಕರೆದ. ಎಮ್ಮೆಯನ್ನು ಯಾರ ಕೈಗೆ ಕೊಟ್ಟು ಬರಲಿ?

ತಬೇಲಾದ ಹಿರಿಯ ಕೆಲಸಗಾರ ಉತ್ತರದ ಕಡೆಯವನು, ನನ್ನನ್ನು ಚಾಚಿ ಎನ್ನುತ್ತಿದ್ದ. "ಏನು ಚಾಚಿ, ಇವತ್ತು ನಿನ್ನ ಎಮ್ಮೆಯನ್ನು ನೋಡಲು ಗಂಡಿನವರು ಬರುತ್ತಾರಾ? ಇಷ್ಟು ತಿಕ್ಕಿ ತೊಳೆಯುತ್ತಿದ್ದೀ" ಎಂದು ಹಿಂದಿಯಲ್ಲಿ ಕಾಡುತ್ತಿದ್ದ. ನಾನು ಸೆರಗಿನೊಳಗೇ ನಗುತ್ತಿದ್ದೆ. ಆ ಮಳೆಗಾಲದಲ್ಲಿ ಅದಕ್ಕೆ ಚೊಚ್ಚಲ ಗಬ್ಬ, ತಿಂಗಳು ತುಂಬುತ್ತ ಬಂದಿತ್ತು.

ಬೇನೆ ಬಾರದ ಹಾಗೆ ಮಳೆಗೆ ಮುಂಚೆ ಹಾಕಬೇಕಾದ ಸೂಜಿ ಆ ವರ್ಷ ತಡವಾಗಿತ್ತು. ಮಳೆ ಹಿಡಿದು ಎಂಟು ದಿನವಾಗಿರಬೇಕು, ಬೆಳಿಗ್ಗೆ ಹೋಗಿ ನೋಡಿದರೆ ನನ್ನ ಎಮ್ಮೆ ಹುಲ್ಲಿಗೆ ಬಾಯಿ ಹಾಕಿರಲಿಲ್ಲ. ಕಣ್ಣು ಕೆಂಪು. ಕಿವಿ ಮುಟ್ಟಿದರೆ ಕಾದ ಹೆಂಚು. ಬಾಯಿಂದ ಎಳೆ ಎಳೆಯಾಗಿ ಜೊಲ್ಲು. ಗಂಟಲ ಕೆಳಗೆ ಬಾವು ಬಂದು ಚರ್ಮ ಬಿಗಿದುಕೊಂಡಿತ್ತು, ಉಸಿರು ಎಳೆದಾಗ ಗೊರ ಗೊರ ಸದ್ದು. ಹಿರಿಯವನು ಒಮ್ಮೆ ನೋಡಿ, "ಗಲಘೋಟು" ಎಂದ. ನಮ್ಮ ಕಡೆ ಅದನ್ನೇ ಗಳಲೆ ಬೇನೆ ಎನ್ನುತ್ತಾರೆ. ಬೆಳಿಗ್ಗೆ ಹಿಡಿದರೆ ಸಂಜೆಗೆ ಕೆಡಹುವ ಬೇನೆ ಅದು, ಚಿಕ್ಕಂದಿನಲ್ಲಿ ನಮ್ಮೂರಲ್ಲೇ ಕಂಡಿದ್ದೆ.

ಅವನು ದನದ ಡಾಕ್ಟರಿಗೆ ಫೋನ್ ಮಾಡಿದ. ಹೊರಟಿದ್ದೇನೆ ಎಂದಳಂತೆ. ಹತ್ತಾಯಿತು, ಹನ್ನೊಂದಾಯಿತು. ಹಳಿಗಳ ಮೇಲೆ ನೀರು ನಿಂತು ಲೋಕಲ್ ಬಂದ್ ಆಗಿದೆ, ರಿಕ್ಷಾ ಸಿಗುತ್ತಿಲ್ಲ, ನಡೆದು ಬರುತ್ತಿದ್ದೇನೆ ಎಂದು ಮತ್ತೆ ಫೋನ್. ಉಳಿದ ಎಮ್ಮೆಗಳನ್ನು ದೂರ ಕಟ್ಟಲು ಗಂಡಸರೆಲ್ಲ ಆ ತುದಿಗೆ ಹೋದರು. ಈ ತುದಿಯಲ್ಲಿ ನಾನು ಮತ್ತು ಅದು. ನಾಲಿಗೆ ಹೊರಗೆ ಬಂದಿತ್ತು. ನನ್ನ ಕಡೆಗೇ ನೋಡುತ್ತಿತ್ತು.

ನನ್ನ ಅಪ್ಪ ಊರಲ್ಲಿ ಗೊಟ್ಟ ಹಾಕುವುದರಲ್ಲಿ ಹೆಸರಾದವರು. ಬಿದಿರಿನ ಕೊಳವೆಯ ಒಂದು ತುದಿಯನ್ನು ಓರೆಯಾಗಿ ಕೊಯ್ದು, ಅದರಲ್ಲಿ ಔಷಧಿ ತುಂಬಿ, ದನದ ಮುಖ ಮೇಲೆತ್ತಿ ಗಂಟಲಿಗೆ ಸುರಿಯುವುದೇ ಗೊಟ್ಟ. ಹೊಟ್ಟೆ ಉಬ್ಬಿದ ಎತ್ತು ಅವರ ಕೈಯಲ್ಲಿ ಎದ್ದು ನಿಂತದ್ದನ್ನು ನಾನೇ ನೋಡಿದ್ದೆ. ಗಂಟಲ ಬಾವಿಗೆ ಅವರು ಗೊಟ್ಟ ಹಾಕಿದ್ದರೇ ಎಂದು ಆ ಹೊತ್ತಿನಲ್ಲಿ ನಾನು ಯೋಚಿಸಲಿಲ್ಲ. ನನಗೆ ಬರುತ್ತಿದ್ದ ವೈದ್ಯ ಅದೊಂದೇ.

ಪಕ್ಕದಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗಿನವರು ಎಸೆದ ಬಿದಿರಿನ ತುಂಡು ಬಾಗಿಲಲ್ಲಿ ಬಿದ್ದಿತ್ತು. ಕುಡುಗೋಲಿನಿಂದ ಓರೆ ಮಾಡಿದೆ. ಕುಸುಬಿ ಎಣ್ಣೆ ಬೆಚ್ಚಗೆ ಮಾಡಿ, ಬೆಳ್ಳುಳ್ಳಿ, ಅಜಿವಾನ, ಅರಿಶಿನ ಜಜ್ಜಿ ಹಾಕಿದೆ. ಮೂಗುದಾಣ ಹಿಡಿದು ಮುಖ ಎತ್ತಿದೆ. ಅದು ನನ್ನನ್ನು ನಂಬಿ ಕೊಸರಾಡಲಿಲ್ಲ. ಸುರಿದೆ. ಒಂದು ಗುಟುಕು ಒಳಗೆ ಹೋದ ಹಾಗಾಯಿತು. ಆಮೇಲೆ ಕೆಮ್ಮಿತು. ಅಂಥ ಕೆಮ್ಮನ್ನು ನಾನು ಯಾವ ದನದಿಂದಲೂ ಕೇಳಿರಲಿಲ್ಲ, ಎದೆಯೊಳಗೆ ನೀರು ಕುದಿದ ಹಾಗೆ. ಮೂಗಿನ ಎರಡೂ ಹೊಳ್ಳೆಯಿಂದ ಹಳದಿ ಎಣ್ಣೆ ಇಳಿಯಿತು. ಸೆರಗಿನಿಂದ ಒರೆಸಿದೆ. ಗೊಟ್ಟವನ್ನು ಒಲೆಯೊಳಗೆ ಹಾಕಿದೆ.

ಡಾಕ್ಟರ್ ಬಂದಾಗ ಮೂರು ಗಂಟೆ. ಮರಾಠಿ ಹುಡುಗಿ, ಸೊಂಟದವರೆಗೆ ತೊಯ್ದಿದ್ದಳು. ಚೀಲವನ್ನು ಮಾತ್ರ ತಲೆಯ ಮೇಲೆ ಹೊತ್ತು ಒಣಗಾಗಿ ತಂದಿದ್ದಳು. ಬಂದವಳೇ ಕತ್ತಿನ ನರಕ್ಕೆ ಸೂಜಿ ಹಾಕಿದಳು. ಆಮೇಲೆ ಕೇಳಿದಳು, "ಬಾಯಿಗೆ ಏನೂ ಸುರಿದಿಲ್ಲ ತಾನೇ? ಔಷಧಿ, ಎಣ್ಣೆ, ಏನಾದರೂ?"

ನಾನು ಹೇಳಬೇಕೆನ್ನುವಷ್ಟರಲ್ಲಿ ಹಿರಿಯವನು, "ಅಯ್ಯೋ ಡಾಕ್ಟರ್, ಚಾಚಿ ಮನುಷ್ಯರ ಜೊತೆಗೇ ಮಾತಾಡುವುದಿಲ್ಲ, ಎಮ್ಮೆಗೆ ಏನು ಸುರಿಯುತ್ತಾಳೆ?" ಎಂದ. ಎಲ್ಲರೂ ನಕ್ಕರು. ಡಾಕ್ಟರ್ ನನ್ನ ಮುಖ ನೋಡಿದಳು. ನಾನು ಸೆರಗು ಎಳೆದುಕೊಂಡು ನೆಲ ನೋಡಿದೆ.

ಮಕ್ಕಳೇ, ಅಲ್ಲಿ ಆರು ಜನ ಗಂಡಸರಿದ್ದರು. ಕಾರಣ ಅಷ್ಟೇ.

ಮರುದಿನ ಬಾವು ಇಳಿಯಿತು. ಈ ಬೇನೆಯ ಕ್ರಿಮಿ ಚೆನ್ನಾಗಿರುವ ಎಮ್ಮೆಯ ಮೂಗು, ಗಂಟಲಲ್ಲೂ ಸುಮ್ಮನೆ ಕೂತಿರುತ್ತದೆ, ಮಳೆ, ದಣಿವು ಬಿದ್ದಾಗ ಮೇಲೇಳುತ್ತದೆ, ಈಗ ಅದನ್ನು ತಡೆದಿದ್ದೇವೆ ಎಂದು ಡಾಕ್ಟರ್ ಹೇಳಿದಳು. ಮೂರನೆಯ ದಿನ ಎಮ್ಮೆ ಎರಡು ಎಳೆ ಹಸಿ ಹುಲ್ಲು ತಿಂದಿತು. ಅವತ್ತು ಭಾನುವಾರ, ನೀವಿಬ್ಬರೂ ಬಂದಿದ್ದಿರಿ. ಚಿನ್ನು ಅದರ ಹೊಟ್ಟೆಗೆ ಕಿವಿಯಿಟ್ಟು, "ಅಜ್ಜಿ, ಬೇಬಿ ಹಿಲ್ ರಹಾ ಹೈ" ಎಂದು, ಒಳಗಿನ ಕರು ಅಲುಗುತ್ತಿದೆಯೆಂದು, ಕುಣಿದಾಡಿದಳು. ನನ್ನ ತಪ್ಪು ಎಮ್ಮೆಗೆ ತಟ್ಟಲಿಲ್ಲ ಎಂದು ನಾನು ದೇವರಿಗೆ ಕೈ ಮುಗಿದೆ.

ನಾಲ್ಕನೆಯ ದಿನ ಉಸಿರು ಮತ್ತೆ ಕೆಟ್ಟಿತು. ಈ ಸಲ ಗಂಟಲಲ್ಲಿ ಸದ್ದಿಲ್ಲ. ಮುಂಗಾಲು ಅಗಲಿಸಿ ನಿಂತು ಪಕ್ಕೆ ಬಡಿಯುತ್ತಿತ್ತು. ಮೂಗಿನ ಹತ್ತಿರ ಹೋದರೆ ಕೊಳೆತ ವಾಸನೆ. ಡಾಕ್ಟರ್ ತನ್ನ ಕಿವಿಯ ಕೊಳವೆಯನ್ನು ಅದರ ಎದೆಗಿಟ್ಟು ಬಹಳ ಹೊತ್ತು ಕೇಳಿದಳು. "ಗಂಟಲು ಇಳಿದಿದೆ. ಪುಪ್ಪಸ ಯಾಕೆ ಹೀಗೆ ಕೆಟ್ಟಿತು?" ಎಂದು ತನ್ನನ್ನೇ ಕೇಳಿಕೊಂಡಳು. ಅವಳು ಹೊರಟಾಗ ನಾನು ಗೇಟಿನವರೆಗೆ ಹಿಂದೆ ಹೋದೆ. ಅಲ್ಲಿ ಯಾರೂ ಇರಲಿಲ್ಲ. ನನ್ನ ಮುರುಕು ಹಿಂದಿಯಲ್ಲಿ ಎಲ್ಲ ಹೇಳಿದೆ. ಬಿದಿರು, ಎಣ್ಣೆ, ಮೂಗಿನಿಂದ ಬಂದದ್ದು.

ಅವಳು ಬೈದಿದ್ದರೆ ಚೆನ್ನಾಗಿತ್ತು. "ಆಜಿ, ಉಸಿರಿಗೇ ಒದ್ದಾಡುವ ದನ ನುಂಗಲಾರದು. ಎಣ್ಣೆ ಪುಪ್ಪಸಕ್ಕೆ ಹೋಗಿದೆ. ಮೊದಲ ದಿನವೇ ಹೇಳಿದ್ದರೆ ಬೇರೆ ಔಷಧಿಯನ್ನೂ ಸೇರಿಸುತ್ತಿದ್ದೆ."

"ಉಳಿಯುತ್ತಿತ್ತೇ?"

"ಗೊತ್ತಿಲ್ಲ ಆಜಿ. ನೋಡಬಹುದಿತ್ತು."

ವಾಪಸು ಬಂದು ಸೂಜಿ ಬದಲಾಯಿಸಿದಳು. ಎರಡು ದಿನ ಮುಂಜಾನೆ, ಸಂಜೆ ಬಂದಳು. ನಾನು ಅದರ ಮುಖವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ನನ್ನ ಉಸಿರು ತೆಗೆದುಕೋ ಎಂದು ಕಿವಿಯಲ್ಲಿ ಹೇಳಿದೆ, ಹುಚ್ಚಿಯ ಹಾಗೆ. ಆರನೆಯ ದಿನ ಮಧ್ಯಾಹ್ನ ಅದು ಕಾಲು ಚಾಚಿತು. ಉಸಿರು ನಿಂತ ಮೇಲೂ ಹೊಟ್ಟೆ ಒಂದೆರಡು ಸಲ ಅಲುಗಿತು. ನಾನು ಅದರ ಮೇಲೆ ಕೈಯಿಟ್ಟಿದ್ದೆ. ಆಮೇಲೆ ಅದೂ ನಿಂತಿತು.

ಹಿರಿಯವನು ಎಲ್ಲರ ಮುಂದೆ ಡಾಕ್ಟರ ಮೇಲೆ ಕೂಗಾಡಿದ. "ಚೇತರಿಸಿಕೊಂಡಿದ್ದ ಎಮ್ಮೆ! ನೀನು ಸೂಜಿ ಬದಲಾಯಿಸಿದೆ, ಸತ್ತಿತು. ವಿಧವೆಯ ಎಮ್ಮೆಯ ಮೇಲೆ ಕೆಲಸ ಕಲಿಯಲು ಬಂದೆಯಾ? ಇನ್ನು ಈ ಗೇಟಿನೊಳಗೆ ಕಾಲಿಡಬೇಡ." ನನ್ನ ಪರವಾಗಿ ಕೂಗುತ್ತಿದ್ದೇನೆ ಎಂದೇ ಅವನು ತಿಳಿದಿದ್ದ. ಡಾಕ್ಟರ್ ನನ್ನ ಕಡೆ ತಿರುಗಿ ನಿಂತಳು. ಕಾಯುತ್ತಿದ್ದಳು. ನಿಮ್ಮ ಅಪ್ಪ ಆಗಷ್ಟೇ ಬಂದಿದ್ದ, ಮುತ್ತುವೂ ಅವನ ಕೈ ಹಿಡಿದು ನಿಂತಿದ್ದ. ಒಂದೇ ಒಂದು ಮಾತು, ಗೊಟ್ಟ ಹಾಕಿದವಳು ನಾನು ಎಂದು. ನನ್ನ ನಾಲಿಗೆ ಏಳಲಿಲ್ಲ. ಅವಳು ಚೀಲ ಮುಚ್ಚಿ, ಮಳೆಯಲ್ಲೇ ಹೊರಟುಹೋದಳು. ಬಾಯಿ ಇಲ್ಲದ ದನವೂ ನನ್ನಷ್ಟು ಸುಮ್ಮನೆ ಇರುವುದಿಲ್ಲ.

ಮುಂದೆ ಬಿಲ್ಡಿಂಗಿಗೆ ಬಂದುಬಿಟ್ಟೆ. ಎರಡು ವರ್ಷ ಅದೇ ಮಾತು ಗಂಟಲಲ್ಲಿತ್ತು. ಹೋದ ತಿಂಗಳು, ನೀವು ಶಾಲೆಗೆ ಹೋದ ಮೇಲೆ, ಒಬ್ಬಳೇ ರಿಕ್ಷಾ ಹತ್ತಿ ಅವಳು ಕೆಲಸ ಮಾಡುತ್ತಿದ್ದ ದನದ ದವಾಖಾನೆಗೆ ಹೋದೆ. ಅವಳು ಅಲ್ಲಿಲ್ಲ. ಕೆಲಸ ಬಿಟ್ಟು ಯಾವುದೋ ಊರಿಗೆ ಹೋದಳು ಎಂದರು. ಎಲ್ಲಿಗೆ ಎಂದು ಯಾರಿಗೂ ತಿಳಿಯದು. ಯಾಕೆ ಬಿಟ್ಟಳು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅಲ್ಲಿಂದ ತಬೇಲಾಕ್ಕೆ ಹೋದೆ. ಹಿರಿಯವನು ಊರು ಸೇರಿದ್ದಾನೆ. ಈಗಿರುವವರಿಗೆ ನನ್ನ ಎಮ್ಮೆಯೇ ಗೊತ್ತಿಲ್ಲ. ಹೇಳಬೇಕಾದವರು ಯಾರೂ ಉಳಿದಿಲ್ಲ, ನೀವು ಮೂವರೇ.

ಮುತ್ತು, ಇನ್ನು ಮೇಲೆ ಆ ಮಾತು ಆಡಬೇಡ. ಅಜ್ಜಿ ಕೊಂದಳು ಎನ್ನು, ನನಗೆ ಬೇಸರವಿಲ್ಲ. ಚಿನ್ನು, ಆ ಡಾಕ್ಟರ ಎಡಗೆನ್ನೆಯ ಮೇಲೆ ಒಂದು ಮಚ್ಚೆ ಇತ್ತು, ನಿನಗೆ ನೆನಪಿರಬಹುದು. ಯಾವುದಾದರೂ ಸ್ಟೇಷನ್ನಿನಲ್ಲಿ, ಯಾವುದಾದರೂ ಊರಿನಲ್ಲಿ ಅವಳು ಸಿಕ್ಕರೆ ಇದನ್ನು ಕೈಗೆ ಕೊಟ್ಟು, ಇದರಲ್ಲಿ ಇರುವುದನ್ನು ಹಿಂದಿಯಲ್ಲಿ ಹೇಳು. ಅಷ್ಟು ಹೊತ್ತಿಗೆ ನಾನು ಇರುತ್ತೇನೋ ಇಲ್ಲವೋ. ಅದಕ್ಕೇ ಈ ಹಾಳೆಗಳನ್ನು ನೀರು, ಗೆದ್ದಲು ತಾಗದ ಹಾಗೆ ಜೋಪಾನವಾಗಿ ಇಟ್ಟುಕೊಳ್ಳಿ.