ರೋಲರ್ ಕಟ್ಟಿದ ಕೋಲು

ಯೆರ್ಕಾ ಪುಕ್ಕಲಿ. ನಮ್ಮ ದ್ವೀಪದಲ್ಲಿ ಈ ಮಾತನ್ನು ಯಾರೂ ಗುಟ್ಟಾಗಿ ಆಡುವುದಿಲ್ಲ, ಅವಳೆದುರೇ ಆಡುತ್ತಾರೆ. ದೋಣಿ ಹತ್ತಿದರೆ ಕಣ್ಣು ಮುಚ್ಚಿಕೊಳ್ಳುವ ಹೆಂಗಸು ಟ್ಯೂನಾ ಹಿಡಿಯುವ ಗಾಳದ ಕೋಲು ಕಟ್ಟಿ ಬದುಕುತ್ತಾಳೆಂದರೆ ನಗು ಬರುವುದು ಸಹಜ. ಅವಳು ಕಟ್ಟಿದ ಕೋಲು ಕೈಕೊಟ್ಟದ್ದು ಮಾತ್ರ ಯಾರಿಗೂ ನೆನಪಿಲ್ಲ. ಹೆದರಿಕೆಯೇ ಅವಳಿಂದ ಅಂಥ ಕೆಲಸ ಮಾಡಿಸುತ್ತದೆ ಎಂಬುದು ನಗುವವರ ತಲೆಗೆ ಹೋಗುವುದಿಲ್ಲ.

ಬಂದರಿನ ಹಿಂದೆ ಅವಳ ಅಪ್ಪ ಬಲೆ ಇಡುತ್ತಿದ್ದ ಕೋಣೆಯಲ್ಲೇ ಅವಳ ಕೆಲಸ. ಗಾಳದ ದಾರ ಹಾಯಲು ಕೋಲಿನುದ್ದಕ್ಕೂ ಉಂಗುರಗಳಿರುತ್ತವಲ್ಲ, ಅವುಗಳನ್ನು ಆರಿಸುವಾಗ ಅವಳು ಮದುವೆಗೆ ಗಂಡು ನೋಡುವವರಿಗಿಂತ ಹೆಚ್ಚು ತಕರಾರು ತೆಗೆಯುತ್ತಾಳೆ. ಉಂಗುರದ ಒಳಗೆ ಪಿಂಗಾಣಿಯಂಥ ಗಟ್ಟಿ ಅಂಚಿರುತ್ತದೆ. ಅದರಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೂ ಸಾಕು, ದಾರ ಕೊಯ್ದುಹೋಗುತ್ತದೆ. ಅದಕ್ಕೇ ಹತ್ತಿಯ ತುಣುಕನ್ನು ತೂರಿಸಿ ಸುತ್ತಲೂ ಉಜ್ಜಿ ನೋಡುತ್ತಾಳೆ. ಒಂದೆಳೆ ಸಿಕ್ಕಿಕೊಂಡರೂ ಆ ಉಂಗುರ ಕಸದ ಬುಟ್ಟಿಗೆ. ಆಮೇಲೆ ಉಂಗುರಗಳನ್ನು ಟೇಪಿನಲ್ಲಿ ಅಂಟಿಸಿ, ತುದಿಗೆ ಭಾರ ಕಟ್ಟಿ ಕೋಲನ್ನು ಬಾಗಿಸಿ, ದಾರ ಎಲ್ಲಿ ಮೈಗೆ ಉಜ್ಜುತ್ತದೆಂದು ನೋಡುತ್ತಾಳೆ. ಸರಿಸುತ್ತಾಳೆ, ಮತ್ತೆ ಬಾಗಿಸುತ್ತಾಳೆ. ಕೋಲು ಒಯ್ಯಲು ಬಂದವರು ಕಾದು ಕಾದು ಕಾಫಿ ಕುಡಿಯಲು ಹೋಗಿಬಿಡುತ್ತಾರೆ.

ಈ ಸಲ ಕೋಲು ಬೇಕಾದದ್ದು ಅವಳ ತಮ್ಮ ಡಿಂಕೊನಿಗೆ. ತಾಯಿ ತೀರಿಕೊಂಡಾಗ ಅವನಿನ್ನೂ ತೊದಲುತ್ತಿದ್ದ ಮಗು. ಎತ್ತಿ ಆಡಿಸಿ ಬೆಳೆಸಿದವಳು ಯೆರ್ಕಾ. ಈಗ ಗಡ್ಡ ಬಿಟ್ಟ ಗಂಡಸು, ಯಾರ ಮಾತೂ ಕಿವಿಗೆ ಹಾಕಿಕೊಳ್ಳುವವನಲ್ಲ. ಅವನಿಗೆ ಉಂಗುರ ಬೇಡ, ರೋಲರ್ ಬೇಕು. ಅಂದರೆ ಉಂಗುರದ ಜಾಗದಲ್ಲಿ ತಿರುಗುವ ಪುಟ್ಟ ಗಾಲಿಗಳು.

"ಟ್ಯೂನಾ ಹಿಡಿಯೋ ಸ್ಪರ್ಧೆಗೆ ಬರೋ ದೊಡ್ಡೋರೆಲ್ಲ ರೋಲರ್ರೇ ಹಾಕ್ಸಿರ್ತಾರೆ ಅಕ್ಕಾ. ನಾನೊಬ್ಬ ಉಂಗುರ ತಗೊಂಡು ಹೋದ್ರೆ, ಮದುವೆ ಯಾವಾಗಪ್ಪಾ ಅಂತಾರೆ."

"ದಾರ ಯಾವುದು, ಅದು ಹೇಳು. ಹೆಣೆದ ದಾರ ಆದ್ರೆ ರೋಲರ್ ಬೇಡ. ಅದು ಸಣ್ಣ. ಗಾಲಿಗೂ ಪಕ್ಕದ ತಗಡಿಗೂ ಮಧ್ಯೆ ನುಗ್ಗಿ ಕಚ್ಕೊಂಡುಬಿಡತ್ತೆ."

"ದಪ್ಪ ನೈಲಾನೇ, ಸಾಕಾ? ಹೆಣಕ್ಕೂ ಗಾಳಿ ತಾಗಿ ಶೀತ ಆದೀತು ಅಂತ ಕಿಟಕಿ ಮುಚ್ಚೋಳು ನೀನು."

ದಪ್ಪ ನೈಲಾನಿಗೆ ರೋಲರಿನಿಂದ ತೊಂದರೆಯಿಲ್ಲ. ಯೆರ್ಕಾ ಒಂದೊಂದೇ ಗಾಲಿಯನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿ, ಕರಕರ ಎಂದವನ್ನು ಬದಿಗಿಟ್ಟು, ಉಳಿದವನ್ನು ಕಟ್ಟಿಕೊಟ್ಟಳು.

ಸ್ಪರ್ಧೆಯ ಬೆಳಿಗ್ಗೆ ಬಂದರಿನ ಕಟ್ಟೆಯ ಮೇಲೆ ನಿಂತಿದ್ದಳು. ಕಡಲಿಗೆ ಹೊರಟವನನ್ನು ನಮ್ಮಲ್ಲಿ ಏನೂ ಕೇಳುವಂತಿಲ್ಲ. ಎಲ್ಲಿಗೆ, ಯಾವಾಗ ಬರ್ತೀಯ, ಊಹೂಂ. ಹಗ್ಗ ಬಿಚ್ಚಿದ ದೋಣಿಯನ್ನು ಹಿಂದಿನಿಂದ ಕೂಗುವುದಂತೂ ದೊಡ್ಡ ಅಪಶಕುನ. ಡಿಂಕೊನ ಗೆಳೆಯ ವಿತ್ಸೆ ಹಗ್ಗ ಬಿಚ್ಚಿದ. ಡಿಂಕೊ ಚೀಲದಿಂದ ದಾರ ಸುತ್ತಿದ ರೀಲು ತೆಗೆದು ಕೋಲಿಗೆ ಕೂರಿಸಿದ. ಆಗ ಅವಳಿಗೆ ದಾರ ಕಂಡಿತು. ಗಾಜಿನಂತೆ ಹೊಳೆಯುವ ನೈಲಾನ್ ಅಲ್ಲ. ಮಂಕು ಹಸಿರು, ಚಮ್ಮಾರನ ನೂಲಿನಷ್ಟು ಸಣ್ಣ. ರೀಲಿನಲ್ಲಿ ಜಾಸ್ತಿ ಹಿಡಿಸುತ್ತದೆಂದು ಕೊನೇ ಗಳಿಗೆಯಲ್ಲಿ ಹೆಣೆದ ದಾರವನ್ನೇ ಸುತ್ತಿಕೊಂಡಿದ್ದ.

ಅವಳ ಬಾಯಿ ತೆರೆಯಿತು. ಪಕ್ಕದಲ್ಲಿದ್ದ ಮುದುಕರು ತಿರುಗಿ ನೋಡಿದರು. ಶಾಲಿನ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ದೋಣಿ ದೀಪಸ್ತಂಭ ದಾಟಿತು.

ಮನೆಗೆ ಬಂದು ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆದಳು. ಟ್ಯೂನಾ ಕಚ್ಚಿದ ಕೋಲನ್ನು ಬರಿಗೈಯಲ್ಲಿ ಹಿಡಿದು ನಿಲ್ಲಲಾಗುವುದಿಲ್ಲ. ಸೊಂಟದ ಬೆಲ್ಟಿನ ಪಟ್ಟಿಗಳನ್ನು ರೀಲಿಗೆ ಸಿಕ್ಕಿಸಿಕೊಂಡು ನಿಲ್ಲುತ್ತಾರೆ. ರೀಲು ದಾರ ಬಿಡುತ್ತಿರುವವರೆಗೂ ಮನುಷ್ಯ ನಿಂತಿರುತ್ತಾನೆ. ದಾರ ರೋಲರಿನಲ್ಲಿ ಕಚ್ಚಿಕೊಂಡರೆ ಇಬ್ಬರು ಗಂಡಸರ ತೂಕದ ಮೀನು ತಳಕ್ಕೆ ಇಳಿಯುತ್ತದೆ, ಅದರ ಹಿಂದೆ ಅವನೂ. ಗಾಬರಿಯಲ್ಲಿ ಯಾರಾದರೂ ರೀಲಿನ ಬಳಿ ದಾರ ಕೊಯ್ಯುತ್ತಾರೆ. ಕೊಯ್ದರೆ ಏನು ಬಂತು? ಮೀನು ಕೋಲನ್ನೂ ಅದಕ್ಕೆ ಸಿಕ್ಕಿಸಿಕೊಂಡವನನ್ನೂ ಎಳೆಯುತ್ತಲೇ ಇರುತ್ತದೆ. ಕಚ್ಚಿಕೊಂಡಿರುವುದು ಕೋಲಿನ ತುದಿಯಲ್ಲಿ. ಅವಳೇ ಕೈಯಾರೆ ಕಟ್ಟಿದ ತುದಿಯಲ್ಲಿ.

ಲೋಟ ಅಲ್ಲೇ ಬಿಟ್ಟು ಬಂದರಿನ ಅಂಗಡಿಗೆ ಓಡಿದಳು. ಅಂಗಡಿಯ ಶ್ಪಿರೊ ಊರಿಗೆಲ್ಲ ಬಾರ್ಬಾ, ಅಂದರೆ ದೊಡ್ಡಪ್ಪ. ಕಡಲಿನ ದೋಣಿಗಳಿಗೆ ಮಾತಾಡುವ ರೇಡಿಯೊ ಇದ್ದದ್ದು ಅವನ ಬಳಿ.

"ಹೋದ ದೋಣೀನ ಕೂಗಬಾರ್ದು ಯೆರ್ಕಾ. ಇಷ್ಟು ವಯಸ್ಸಾಗಿ ನಿಂಗೆ ಹೇಳಿಕೊಡ್ಬೇಕಾ?"

"ಕೂಗದೆ ಇದ್ದು ಅವನು ಸತ್ರೆ, ನೀವು ಬಂದು ಮೇಣದಬತ್ತಿ ಹಚ್ತೀರಾ ಬಾರ್ಬಾ?"

ಮುದುಕ ಶಿಲುಬೆಯ ಗುರುತು ಮಾಡಿಕೊಂಡು ರೇಡಿಯೊ ಕೊಟ್ಟ. ಅವಳು ಕರೆದಳು. ಬರೀ ಗೊರಗೊರ ಸದ್ದು. ಮತ್ತೆ ಕರೆದಳು. ಆಮೇಲೆ ವಿತ್ಸೆಯ ಧ್ವನಿ ಬಂತು, ಏದುಸಿರು.

"ಮೀನು ಸಿಕ್ಕಿದೆ ಅಕ್ಕಾ. ದಾರ ಹೋಗ್ತಿಲ್ಲ, ಎಲ್ಲೋ ಹಿಡ್ಕೊಂಡಿದೆ. ಇವನನ್ನ ಎಳೀತಿದೆ, ದೋಣಿ ಅಂಚಿನ ಕಂಬಿ ಮೇಲೆ ಬಿದ್ದಿದಾನೆ. ರೀಲ್ ಹತ್ರ ದಾರ ಕೊಯ್ತೀನಿ."

ಯೆರ್ಕಾಳ ಧ್ವನಿ ಗಟ್ಟಿಯಾಗಿಯೇ ಬಂತು.

"ದಾರ ಮುಟ್ಟಬೇಡ. ಕೇಳಿಸ್ತಾ? ಬೆಲ್ಟಿನ ಪಟ್ಟಿ ಕೊಯ್ಯಿ, ಎರಡೂ. ಕೋಲು ಬಿಡು ಅನ್ನು. ನಾನು ಹೇಳ್ದೆ ಅನ್ನು."

ರೇಡಿಯೊದಲ್ಲಿ ಮತ್ತೆ ಬರೀ ಗೊರಗೊರ. ಬಾರ್ಬಾ ಶ್ಪಿರೊ, ಸತ್ತವರೆದುರು ತೆಗೆಯುವಂತೆ, ಟೋಪಿ ತೆಗೆದ. ಅದನ್ನು ಕಂಡು ಯೆರ್ಕಾಳಿಗೆ ಅವನನ್ನು ಹೊಡೆಯಬೇಕೆನಿಸಿತು. ಬಾಗಿಲ ಬಳಿ ಸೇರಿದ್ದ ಹೆಂಗಸರು ಒಳಗೆ ಬಂದು ನಿಂತರು. ಅವಳು ಈರುಳ್ಳಿ ಮೂಟೆಯ ಮೇಲೆ ಕೂತಳು. ರೇಡಿಯೊವನ್ನು ಕಿವಿಯಿಂದ ತೆಗೆಯಲಿಲ್ಲ.

ಕೊನೆಗೆ ಡಿಂಕೊನದೇ ಧ್ವನಿ.

"ಕೋಲು ಬಿಡು ಅನ್ನೋಕೆ ನೀನ್ಯಾರು? ಅಂಥಾ ಮೀನು ಹೋಯ್ತು. ಕೋಲು, ರೀಲು ಎಲ್ಲ ಹೋಯ್ತು. ಊರೋರ ಎದುರಿಗೆ ಮಾನ ಹೋಯ್ತು. ನಿನ್ನ ಮುಖ ಈ ಜನ್ಮದಲ್ಲಿ ನೋಡಲ್ಲ ನಾನು."

"ಬೈಯೋ," ಅಂದಳು ಯೆರ್ಕಾ. "ಇನ್ನೂ ಬೈ. ನಿಲ್ಲಿಸ್ಬೇಡ."

ಅವನು ನಿಲ್ಲಿಸಲಿಲ್ಲ. ಬೈಗುಳದ ನಡುನಡುವೆ ಅವನ ಹಲ್ಲು ಕಟಕಟ ಬಡಿದುಕೊಳ್ಳುವುದು ಅಂಗಡಿಯಲ್ಲಿದ್ದವರಿಗೆಲ್ಲ ಕೇಳಿಸುತ್ತಿತ್ತು.