ಪರದೆಯ ಹಿಂದೆ ಕೂತು ನೋಡಿದ ಕರಡಿ

ಮೂಡಲಗಿಗೆ ಇನ್ನೂ ಕರೆಂಟು ಬಾರದಿದ್ದ ಕಾಲ. ಸುಗ್ಗಿ ಮುಗಿದು ಹೊಲಗಳು ಬಯಲಾದ ಮೇಲೆ ಊರ ಹೊರಗೆ ಟೂರಿಂಗ್ ಟಾಕೀಸಿನ ತಂಬು ಬೀಳುತ್ತಿತ್ತು. ನಿಮ್ಮಲ್ಲೂ ಹಲವರು ಅಂಥ ತಂಬಿನ ಧೂಳು ಕುಡಿದವರೇ ಇರುತ್ತೀರಿ. ಎಂಜಿನ್ನಿನ ಡೀಸೆಲ್, ಹುರಿದ ಶೇಂಗಾ, ನೀರು ಚಿಮುಕಿಸಿದ ಮಣ್ಣು, ಮೂರರ ವಾಸನೆಯೂ ಸೇರಿ ಮೂಗಿಗೆ ಬಡಿಯಿತೆಂದರೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮೊದಲೇ ನಾನು ಒಂದು ಕಡೆ ನಿಲ್ಲುವ ಹುಡುಗಿಯಲ್ಲ. ಆಗ ನನಗೆ ಎಂಟು ವರ್ಷ.

ನಮ್ಮೂರ ತಂಬಿನಲ್ಲಿ ಒಂದು ಪದ್ಧತಿಯಿತ್ತು. ಬಿಳಿ ಪರದೆಯನ್ನು ನಟ್ಟನಡುವೆ ಕಟ್ಟುತ್ತಿದ್ದರು. ಅದರ ಮುಂದೆ ಗಂಡಸರು, ಹಿಂದೆ ಹೆಂಗಸರು. ಪರದೆಯನ್ನು ನೀರಿನಿಂದ ತೋಯಿಸಿದರೆ ಚಿತ್ರ ಎರಡೂ ಕಡೆ ಕಾಣುತ್ತಿತ್ತು. ದೊಡ್ಡ ಸಿನಿಮಾಕ್ಕೆ ಮೊದಲು ಹತ್ತು ನಿಮಿಷ ವಿಲಾಯಿತಿ ಸಾಹೇಬರು ಮಾಡಿದ ಗೊಂಬಿ ಸಿನಿಮಾ, ಅಂದರೆ ಕಾರ್ಟೂನು, ಬಿಡುತ್ತಿದ್ದರು. ಒಂದು ಡುಮ್ಮ ಕರಡಿ, ಒಂದು ನರಪೇತಲ ಕೋಳಿ, ಎರಡಕ್ಕೂ ಒಂದೇ ಮನೆ. ಕರಡಿ ಉಣ್ಣಲು ಕೂತಿತೆಂದರೆ ಕೋಳಿಗೆ ಎಲ್ಲಿಲ್ಲದ ಕಿತಾಪತಿ. ತಾಟಿನ ಕೆಳಗೆ ಪಟಾಕಿ ಇಡುವುದು, ಕುರ್ಚಿಯ ಕಾಲು ಕೊಯ್ಯುವುದು. ಕರಡಿ ಸುಟ್ಟು ಕರಕಲಾಗಿ, ಮರುಕ್ಷಣ ಮೈ ಕೊಡವಿಕೊಂಡು ಮತ್ತೆ ಊಟಕ್ಕೆ ಕೂರುತ್ತಿತ್ತು. ಪ್ರತಿ ಶುಕ್ರವಾರ ಗೋಕಾಕದಿಂದ ಬಸ್ಸಿನಲ್ಲಿ ರೀಲಿನ ಹೊಸ ಡಬ್ಬಿ ಬರುತ್ತಿತ್ತು, ಅದರೊಳಗೆ ಹೊಸ ಜಗಳ.

ಆ ಕರಡಿಯ ಮೇಲೆ ನನಗೆ ಜೀವ. ಅದು ಎಡಗೈಯಿಂದ ಉಣ್ಣುತ್ತಿತ್ತು. ನಾನೂ ಎಡಚಿ. ಗಜ್ಜುಗ ಹಾರಿಸುವುದು, ಪಾಟಿಯ ಮೇಲೆ ಬರೆಯುವುದು, ರೊಟ್ಟಿ ಮುರಿಯುವುದು ಎಲ್ಲ ಎಡಗೈಯಿಂದಲೇ. ನಮ್ಮ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಅದು ಕಣ್ಣಿಗೆ ಬಿದ್ದರೆ ಸಾಕು, ಮೈಯೆಲ್ಲ ಉರಿ. ಊಟಕ್ಕೆ ಕೂರಿಸುವಾಗ ಹಳೆ ಅರಿವೆಯ ಚಿಂದಿಯಿಂದ ನನ್ನ ಎಡಗೈಯನ್ನು ಬೆನ್ನ ಹಿಂದೆ ತಂದು ಲಂಗದ ಲಾಡಿಗೆ ಬಿಗಿಯುತ್ತಿದ್ದಳು.

“ನಾಳೆ ಕೊಟ್ಟ ಮನ್ಯಾಗ ಈ ಕೈಲೆ ಉಂಡ್ರ ನಮ್ಮ ಮಾರಿಗೆ ಉಗಳ್ತಾರ,” ಎನ್ನುತ್ತಿದ್ದಳು.

ಒಂದು ದಿನ ನಾನು ಚಿಂದಿ ಕಂಡಕೂಡಲೇ ಹಿತ್ತಲಿಗೆ ಓಡಿ, ಬಣವೆ ಹತ್ತಿ ನಿಂತು ಕೂಗಿದೆ: “ಕರಡಿನೂ ಎಡಗೈಲೆನ ಉಣ್ಣತೈತಿ! ಅದನ್ನ ನೋಡಿ ನೀ ಹೊಟ್ಟಿ ಹಿಡಕೊಂಡು ನಗತಿ. ನನ್ನ ಕೈ ಅಷ್ಟ ಯಾಕ ಕಟ್ಟತಿ?”

ಬಾಜೂ ಮನೆಯ ಕಾಕಿ ಗೋಡೆಯ ಮೇಲಿನಿಂದ ಇಣುಕಿ, “ಖರೆ ಐತ್ರಿ ಅತ್ತಿ. ನಾನೂ ನೋಡೇನಿ, ಎಡಗೈಲೆನ ತಿಂತೈತಿ,” ಅಂದಳು. ಓಣಿಯ ಹೆಂಗಸರೆಲ್ಲ ಹೌದೆಂದರು. ಆಯಿ, “ಅಷ್ಟ ದೊಡ್ಡ ಸಾಹೇಬ್ರು ಮಾಡಿ ಕಳಿಸ್ಯಾರಂದ್ರ ಅದರಾಗ ಏನರೆ ಇರಬೇಕವ್ವಾ,” ಎಂದು ಚಿಂದಿಯನ್ನು ಗೋಡೆಯ ಮಾಡಿನಲ್ಲಿ ಎತ್ತಿಟ್ಟಳು.

ನಾಲ್ಕು ದಿನ ನನ್ನ ಕೈ ನನ್ನದಾಗಿತ್ತು. ಅಬ್ಬಬ್ಬಾ, ಆ ನಾಲ್ಕು ದಿನ! ಶೇಂಗಾ ಚಟ್ನಿ ಹಚ್ಚಿದ ರೊಟ್ಟಿಯನ್ನು ಎಡಗೈಯಲ್ಲಿ ಹಿಡಿದು ಇಡೀ ಓಣಿ ಸುತ್ತಿದೆ.

ಐದನೆಯ ದಿನ ಕಾಕಾನ ಮಗ ಬಸು ಎಲ್ಲ ಕೆಡಿಸಿದ. ನನಗಿಂತ ಮೂರು ವರ್ಷ ದೊಡ್ಡವನು, ಮೈಕೈ ತುಂಬಿಕೊಂಡ ನಿಧಾನಸ್ಥ. ಆದರೂ ಆಟದಲ್ಲಿ ನಾನೇ ಕರಡಿ, ಅವನು ಕೋಳಿ. ನಾನು ಬಿಟ್ಟುಕೊಡಬೇಕಲ್ಲ! ಅಂದು ಕಟ್ಟೆಯ ಮೇಲೆ ಕೂತು ಎಡಗೈಯಿಂದ ಗಬಗಬ ತಿನ್ನುವ ಸೋಗು ಮಾಡುತ್ತಿದ್ದೆ.

“ಹಂಗಲ್ಲ, ಕರಡಿ ಬಲಗೈಲೆ ತಿಂತೈತಿ,” ಅಂದ.

“ನಿನ್ನ ಕಣ್ಣಾಗ ಮಣ್ಣ ಬಿದ್ದೈತೇನು?”

“ಗಂಡಸರ ಕಡೆ ಎಲ್ಲಾರ್ನೂ ಕೇಳ ಬೇಕಾದ್ರ.”

ಜಗಳ ಕೂದಲೆಳೆದಾಟಕ್ಕೆ ಹೋಯಿತು. ಪರದೆಯ ಹಿಂದೆ ಕೂತವರಿಗೆ ಎಡ ಬಲವಾಗಿ ಬಲ ಎಡವಾಗಿ ಕಾಣುತ್ತದೆಂಬುದು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ. ಆಯಿ ಬಂದು ಇಬ್ಬರನ್ನೂ ಬಿಡಿಸಿ, ಓಣಿಯ ಹೆಂಗಸರ ಮುಂದೆಯೇ ತೀರ್ಮಾನ ಹೇಳಿದಳು: “ಶುಕ್ರವಾರ ಬಸು ನೆಟ್ಟಗ ನೋಡಿ ಬರಲಿ. ಬಲಗೈ ಅಂದ್ರ ಅರಿಬಿ ಮತ್ತ ಕಟ್ಟಾಕಿನ. ಆಮ್ಯಾಲ ಅಳಂಗಿಲ್ಲ.”

ಶುಕ್ರವಾರ ಬಂತು. ಗೋಕಾಕದ ಬಸ್ಸು ನೋಡಲು ಮೂರು ಸಲ ಸ್ಟ್ಯಾಂಡಿಗೆ ಓಡಿದೆ, ಮೂರು ಸಲವೂ ವೇಳೆಗೆ ಮುಂಚೆಯೇ. ಸಂಜೆಯ ಆಟಕ್ಕೆ ಎಂಜಿನ್ನು ದಡದಡ ಅನ್ನುತ್ತಿದ್ದಂತೆ ಆಯಿಯ ಮಗ್ಗುಲಿನಿಂದ ಜಾರಿದೆ. ಹೊರಗೆ ಕಾಯುತ್ತಿದ್ದ ಬಸುವಿನ ಟವೆಲನ್ನು ತಲೆಗೆ ಸುತ್ತಿಕೊಂಡು ತಂಬಿನ ಅಂಚಿನಿಂದ ಗಂಡಸರ ಕಡೆ ನುಸುಳಿದೆ. ಬೀಡಿ ಹೊಗೆಯ ನಡುವೆ ಕರಡಿ ಬಂತು, ತಾಟಿನ ಮುಂದೆ ಕೂತಿತು, ಬಲಗೈ ಎತ್ತಿತು.

ನಂಬಲಿಲ್ಲ. ಹೊರಗೆ ಓಡಿ ಹೆಂಗಸರ ಕಡೆ ಇಣುಕಿದೆ. ಎಡಗೈ. ಮತ್ತೆ ಓಡಿ ಬಂದೆ. ಬಲಗೈ. ಬಸು ಹಿಂದಿನ ಯಂತ್ರದ ಕಡೆ ಬೆರಳು ಮಾಡಿ, “ಬೆಳಕ ಈ ಕಡಿಂದ ಬೀಳತೈತಿ. ನಮ್ಮದ ನೆಟ್ಟಗ, ನಿಮ್ಮದ ತಿರುಗಿದ್ದು,” ಎಂದು ಪಿಸುಗುಟ್ಟಿದ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕರಡಿಯ ಮೇಲೆ, ಸಾಹೇಬರ ಮೇಲೆ, ಆ ಒದ್ದೆ ಬಟ್ಟೆಯ ಮೇಲೆ.

ಆಟ ಬಿಟ್ಟ ಮೇಲೆ ಆಯಿ ಹೆಂಗಸರ ನಡುವೆ ನಿಂತು ಕೇಳಿದಳು: “ಏನ್ ನೋಡಿದ್ಯೋ ಬಸು?”

ಬಸು ನನ್ನ ಮುಖ ನೋಡಿದ. “ಎಡಗೈನ ಐತಿ ಆಯಿ. ನನ್ನದ ತಪ್ಪಾತು.”

ಅಷ್ಟಕ್ಕೆ ಮುಗಿಯಬೇಕಿತ್ತು. ಆಯಿಯ ಮುಖವೂ ಸಡಿಲಾಗಿತ್ತು. ಆದರೆ ನನ್ನ ಹಾಳು ಸಿಟ್ಟು ಸುಮ್ಮನಿರಬೇಕಲ್ಲ! “ಸುಳ್ಳ ಹೇಳತಾನ! ಬಲಗೈ! ನಾನ ಹೋಗಿ ಕಣ್ಣಾರೆ ನೋಡೇನಿ! ಆ ಕರಡಿ ನನ್ನಂಗ ಇಲ್ಲ!” ಎಂದು ಚೀರಿದೆ.

ಮನೆಗೆ ಬಂದು ಆಯಿ ಮಾಡಿನಿಂದ ಚಿಂದಿ ತೆಗೆದಳು. ನನ್ನ ಕೈ ಬೆನ್ನ ಹಿಂದೆ ತಂದು ಗಂಟು ಹಾಕಿದಳು. “ಬಾಯಿ ಮುಚಗೊಂಡ ಇರಾಕ ಏನಾಗಿತ್ತವ್ವಾ ನಿನಗ?” ಅಂದಳು. ಅವಳ ಕಣ್ಣು ತುಂಬಿದ್ದವು. ಬಸು ಆ ಹೊತ್ತು ಊಟ ಮಾಡಲಿಲ್ಲ.

ಮುಂದಿನ ಸುಗ್ಗಿಯ ಹೊತ್ತಿಗೆ ಚಿಂದಿ ಬೇಡವಾಯಿತು. ನಾನು ಬಲಗೈಯವಳಾಗಿದ್ದೆ, ಕೂತಲ್ಲಿ ಕೂರುವವಳೂ ಆಗಿದ್ದೆ. ತಂಬು ಬೀಳುತ್ತಿದ್ದ ಬಯಲಿನಲ್ಲಿ ಈಗ ಕಬ್ಬಿನ ಟ್ರ್ಯಾಕ್ಟರುಗಳು ನಿಲ್ಲುತ್ತವೆ. ಆಯಿಯೂ ಇಲ್ಲ, ಬಸುವೂ ಇಲ್ಲ.

ಹೋದ ವರ್ಷ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡೆ. ಪ್ಲಾಸ್ಟರ್ ಹಾಕಿದ ಡಾಕ್ಟರು, “ತಿಂಗಳೊಪ್ಪತ್ತು ಎಡಗೈಲೆ ಊಟ ಮಾಡ್ರಿ ಅಜ್ಜಿ,” ಅಂದರು. ತಾಟಿನಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ. ಮನೆಯಲ್ಲಿ ಬೇಡ ಅನ್ನುವವರು ಯಾರೂ ಇರಲಿಲ್ಲ. ಆದರೂ ಎಡಗೈ ಎತ್ತುವ ಮೊದಲು ಬಾಗಿಲ ಕಡೆ ನೋಡಿದೆ. ಕೈ ತಾಟಿನ ತನಕ ಹೋಗಿ ಹಿಂದಕ್ಕೆ ಬಂತು. ಕೊನೆಗೆ ಸೊಸೆಯನ್ನು ಕರೆದು, ತುತ್ತು ಮಾಡಿ ತಿನ್ನಿಸು ಅಂದೆ.