ಸಂಜೆಗೆ ಇಳಿಯುತ್ತಿದ್ದ ರೆಪ್ಪೆ

ಮರಾಠಿ ಸೀಮೆಯ ವಾಕಡದಲ್ಲಿ ನಾನೂ ನನ್ನ ಅತ್ತೆಯೂ ಸೇರಿ ಖಾನಾವಳಿ ನಡೆಸುತ್ತೇವೆ. ನಮ್ಮ ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರೇ ನಮ್ಮ ಗಿರಾಕಿಗಳು. ಪಲ್ಯ ಅತ್ತೆಯದು, ಜೋಳದ ರೊಟ್ಟಿ ಬಡಿಯುವುದು ನನ್ನ ಪಾಲು. ಒಂದು ಮಳೆಗಾಲ ನನ್ನ ಕೈ ಸೋಲತೊಡಗಿತು. ಬೆಳಗಿನ ರೊಟ್ಟಿಗಳು ತೆಳ್ಳಗೆ ಬರುತ್ತಿದ್ದವು. ಸಂಜೆಯ ಹೊತ್ತಿಗೆ ತೋಳು ಏಳುತ್ತಿರಲಿಲ್ಲ. ಎಡಗಣ್ಣಿನ ರೆಪ್ಪೆ ತಾನಾಗಿ ಇಳಿಯುತ್ತಿತ್ತು, ಒಲೆಯ ಮೇಲಿನ ಒಂದೇ ಹಂಚು ಎರಡಾಗಿ ಕಾಣುತ್ತಿತ್ತು. ನಾನೇ ಬಡಿದ ರೊಟ್ಟಿಯನ್ನು ಅಗಿಯಲಾಗದೆ ಸಾರಿನಲ್ಲಿ ನೆನೆಸಿ ನುಂಗುತ್ತಿದ್ದೆ. ನೋವು ಮಾತ್ರ ಇರಲಿಲ್ಲ. ಸ್ವಲ್ಪ ಹೊತ್ತು ಮಲಗಿ ಎದ್ದರೆ ಎಲ್ಲ ಸರಿ. ಅದರಿಂದಲೇ ಅತ್ತೆಗೆ ಸಂಶಯ.

“ಮುಂಜಾನಿ ನೆಟ್ಟಗ ಇರ್ತಿ, ಸಂಜಿಗೆ ನಾಟಕ ಸುರು ಮಾಡ್ತಿ,” ಎನ್ನುತ್ತಿದ್ದರು.

ಒಂದು ದಿನ ಕುಡಿದ ನೀರು ಮೂಗಿನಿಂದ ಹೊರಬಂದು ಉಸಿರು ಕಟ್ಟಿತು. ಗಾಬರಿಯಾದ ಅತ್ತೆ ತಾವೇ ಆಟೋ ಕರೆದು ಆಸ್ಪತ್ರೆಗೆ ಕರೆದೊಯ್ದರು.

ಡಾಕ್ಟರು ನನಗೆ ಚಾವಣಿಯನ್ನೇ ನೋಡುತ್ತಿರಲು ಹೇಳಿದರು. ಒಂದು ನಿಮಿಷದಲ್ಲಿ ರೆಪ್ಪೆ ಬಿತ್ತು. ಕೈಗವಸಿನಲ್ಲಿ ಐಸ್ ತುಂಬಿ ರೆಪ್ಪೆಯ ಮೇಲೆ ಎರಡು ನಿಮಿಷ ಇಟ್ಟು ತೆಗೆದರು. ರೆಪ್ಪೆ ಎದ್ದು ನಿಂತಿತು. ಅತ್ತೆ ಬಾಯಿ ತೆರೆದುಕೊಂಡು ನೋಡಿದರು.

ಕೆಲವು ದಿನಗಳ ಮೇಲೆ ಬಂದ ರಕ್ತ ಪರೀಕ್ಷೆಯೂ ಡಾಕ್ಟರ ಅನುಮಾನವೇ ನಿಜವೆಂದು ಹೇಳಿತು. ಡಾಕ್ಟರು ಮರಾಠಿಯಲ್ಲಿ ವಿವರಿಸಿದರು. ಯಾರ ಮೈಯಲ್ಲೂ ನರದ ತುದಿ ಸ್ನಾಯುವನ್ನು ಮುಟ್ಟುವುದೇ ಇಲ್ಲವಂತೆ, ನಡುವೆ ಕಣ್ಣಿಗೆ ಕಾಣದ ಸಂದು. ನರ ಅಲ್ಲಿಗೆ ಒಂದು ರಾಸಾಯನಿಕ ಬಿಡುತ್ತದೆ. ಸ್ನಾಯುವಿನ ಮೇಲಿರುವ ಗ್ರಾಹಕಗಳು ಅದನ್ನು ಹಿಡಿದರಷ್ಟೇ ಸ್ನಾಯು ಅಲುಗುತ್ತದೆ. ರೋಗಗಳಿಂದ ಕಾಯಬೇಕಾದ ನನ್ನ ದೇಹದ ಶಕ್ತಿಯೇ ಆ ಗ್ರಾಹಕಗಳನ್ನು ಹಾಳುಮಾಡುತ್ತಿತ್ತು. ಕೆಲಸ ಮಾಡಿದಷ್ಟೂ ರಾಸಾಯನಿಕ ಕಡಿಮೆಯಾಗುತ್ತ ಬಂದು, ಉಳಿದ ಕೆಲವೇ ಗ್ರಾಹಕಗಳಿಂದ ಸ್ನಾಯು ನಡೆಯುತ್ತಿರಲಿಲ್ಲ.

“ಏನಂತಾರ?” ಅತ್ತೆಗೆ ಮರಾಠಿ ಬಾರದು.

“ನರ ಛಲೋ ಅದರಿ, ಕೈನೂ ಛಲೋ ಅದ. ಇದರ ಮಾತು ಅದಕ್ಕ ಮುಟ್ಟವಲ್ದು.”

“ಮತ್ತ ನಾ ಇಷ್ಟ ದಿನ ಬೈದಿದ್ದು?”



ಆ ಸಂಜೆ ಅತ್ತೆಯೇ ರೊಟ್ಟಿಗೆ ಕುಳಿತರು. ಅವು ದಪ್ಪಗಿದ್ದವು. ಗಿರಾಕಿಗಳು ಸಾರಿನಲ್ಲಿ ನೆನೆಸಿ ತಿಂದರು.

ಆ ರಾಸಾಯನಿಕ ಬೇಗ ಕರಗಿಹೋಗದಂತೆ ತಡೆಯುವ ಗುಳಿಗೆ ನನಗೆ ಈಗ ದಿನಕ್ಕೆ ನಾಲ್ಕು ಸಲ. ನುಂಗಿದ ಮೇಲೆ ಕೆಲವು ಗಂಟೆ ಅಗಿಯಬಲ್ಲೆ, ಬಡಿಯಬಲ್ಲೆ, ಆಮೇಲೆ ಮತ್ತೆ ಅದೇ ದಣಿವು. ಸಂಜೆಯ ರೊಟ್ಟಿಗೆ ಪಕ್ಕದ ಓಣಿಯ ಹೆಂಗಸೊಬ್ಬಳು ಬರುತ್ತಾಳೆ. ವಾಸಿಯಾಯಿತೇ ಎಂದು ಊರಿನವರು ಫೋನಿನಲ್ಲಿ ಕೇಳುತ್ತಾರೆ. ಇಲ್ಲ ಎಂದು ಹೇಳಿ ಹೇಳಿ ಸಾಕಾಗಿ, ಈಗೀಗ ಫೋನನ್ನು ಅತ್ತೆಗೇ ಕೊಟ್ಟುಬಿಡುತ್ತೇನೆ.